ಅರ್ಧ ಇಳಿಜಾರಿನವರೆಗೆ

ಮಾರ್ಲಿಸ್ ಟೋರ್ಸನ್‌ಳೊಂದಿಗಿನ ಮೊದಲ ಮಾತುಕತೆ ಏರ್ಪಾಡಾದದ್ದು ಆಲ್ಡರ್ ಫೋರ್ಕ್ ಊರಿನ ಗ್ರಂಥಪಾಲಕಿಯ ಮೂಲಕ. ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಮೂರನೆಯದಕ್ಕೆ ಒಂದು ಷರತ್ತು ಬಂತು: ಸುಮ್ಮನೆ ಕುಳಿತು ಮಾತನಾಡುವುದು ತನಗಾಗದು, ಕೈಯಲ್ಲಿ ಕೆಲಸವಿರುವಾಗ ಬಂದರೆ ಹೇಳುತ್ತೇನೆ. ಹೀಗಾಗಿ ಅವಳು ತನ್ನ ಬದುಕಿನ ಬಹುಪಾಲನ್ನು ಹೇಳಿದ್ದು ತನ್ನದೇ ಶೆಡ್ಡಿನಲ್ಲಿ, ಮಗುಚಿಟ್ಟ ಸ್ನೋಮೊಬೈಲುಗಳ, ಅಂದರೆ ಹಿಮದ ಮೇಲೆ ಓಡುವ ಗಾಡಿಗಳ, ನಡುವೆ.

ಅರವತ್ತಮೂರು ವರ್ಷದ ಮಾರ್ಲಿಸ್ ಐಡಹೋದ ಆ ಪರ್ವತದೂರಿನಲ್ಲಿ ಮೂವತ್ತು ಚಳಿಗಾಲಗಳಿಂದ ಹಿಮಗಾಡಿಗಳನ್ನು ರಿಪೇರಿ ಮಾಡುತ್ತ ಬಂದವಳು. ಕೆಲಸ ಕಲಿಸಿದವನು ಗಂಡ ಡೆಲ್ಬರ್ಟ್. 1997ರ ಮಾರ್ಚಿನಲ್ಲಿ ಹ್ಯಾಚೆಟ್ ಎಂಬ ಇಳಿಜಾರಿನ ನಡುವೆ ಗೆಳೆಯನೊಬ್ಬನ ಗಾಡಿ ಹೂತುಹೋದಾಗ ಡೆಲ್ಬರ್ಟ್ ಸಹಾಯಕ್ಕೆ ಹತ್ತಿದ. ಇಳಿಜಾರಿನ ಮೇಲೆ ಒಮ್ಮೆಗೆ ಒಬ್ಬನೇ ಇರಬೇಕು, ಸಿಕ್ಕಿಬಿದ್ದವನು ತಾನೇ ತೋಡಿಕೊಂಡು ಬರಬೇಕು ಎಂಬುದು ಅಲ್ಲಿ ಎಲ್ಲರೂ ಬಲ್ಲ ಕಟ್ಟಳೆ. ಡೆಲ್ಬರ್ಟನಿಗೂ ಗೊತ್ತಿತ್ತು. ಎರಡು ಗಾಡಿಗಳ ಭಾರಕ್ಕೆ ಇಡೀ ಇಳಿಜಾರು ಕಳಚಿ ಬಂತು. ಅವನ ದೇಹ ಸಿಕ್ಕಿದ್ದು ಮೂರನೆಯ ದಿನ.

2018ರ ನವೆಂಬರಿನಲ್ಲಿ ಮಗಳು ಕ್ರಿಸ್ಟಾಳ ಗಂಡ ವೇಡ್ ಶೆಡ್ಡಿಗೆ ಬಂದ. ಭಾನುವಾರಗಳಲ್ಲಿ ಹೆಂಡತಿಯೊಂದಿಗೆ ಹಿಮ ಒತ್ತಿ ಗಟ್ಟಿಮಾಡಿದ ಗಟ್ಟಿಹಾದಿಯಲ್ಲಿ ಓಡಿಸಲೂ, ಗೆಳೆಯರೊಂದಿಗೆ ಎದೆಮಟ್ಟದ ಪುಡಿಹಿಮಕ್ಕೆ ಇಳಿಯಲೂ ಒಂದೇ ಗಾಡಿ ಬೇಕೆಂದ.

ಮಾರ್ಲಿಸ್ ಉತ್ತರಿಸುವ ಮೊದಲು, ಗಾಡಿಯ ಅಡಿಯಲ್ಲಿ ಚಕ್ರಗಳ ಬದಲು ಸುತ್ತುವ ಮೂರು ರಬ್ಬರ್ ಪಟ್ಟಿಗಳನ್ನು ನೆಲದ ಮೇಲೆ ಹಾಸಿದಳು. ನೂರಿಪ್ಪತ್ತೊಂಬತ್ತು ಅಂಗುಲದ್ದು ಚಿಕ್ಕದು, ಹಲ್ಲುಗಳೂ ಗಿಡ್ಡ. ಹಾದಿಯಲ್ಲಿ ಬಾಣದಂತೆ ಹೋಗುತ್ತದೆ, ಪುಡಿಹಿಮದಲ್ಲಿ ನಿಂತಲ್ಲೇ ಹೂತುಹೋಗುತ್ತದೆ. ನೂರರವತ್ತೈದರ ಉದ್ದನೆಯ ಪಟ್ಟಿಗೆ ಮೂರಂಗುಲದ ಹಲ್ಲು. ಅದು ಗೋಡೆಯಂಥ ಇಳಿಜಾರನ್ನೂ ಏರುತ್ತದೆ, ಆದರೆ ಗಟ್ಟಿಹಾದಿಯಲ್ಲಿ ಎಂಜಿನ್ನಿಗೆ ತಂಪೆರಚಲು ಸಡಿಲ ಹಿಮ ಸಿಗದೆ ಬಿಸಿಯೇರಿ ನಿಲ್ಲುತ್ತದೆ. ನಡುವಿನದು ನೂರನಲವತ್ತಾರು ಅಂಗುಲ, ಹಲ್ಲು ಎರಡಂಗುಲ. ವೇಡ್ ಅದನ್ನೇ ಬೂಟಿನ ತುದಿಯಿಂದ ಮುಟ್ಟಿದ.

"ಇದೇ ಬೇಡ ಅಂತ ನಾನು ಹೇಳ್ತಿರೋದು," ಎಂದಳು ಮಾರ್ಲಿಸ್. "ಚಿಕ್ಕದು ಹ್ಯಾಚೆಟ್ ಹತ್ತೋದೇ ಇಲ್ಲ. ದೊಡ್ಡದು ಹತ್ತಿ ಆ ಕಡೆ ಇಳಿಯತ್ತೆ. ಇದು ಅರ್ಧಕ್ಕೆ ಹೋಗಿ ನಿಲ್ಲತ್ತೆ ಕಣಪ್ಪ."

"ಹ್ಯಾಚೆಟ್ಟಿಗೆ ಯಾರು ಹೋಗ್ತಾರೆ ಮಾರ್ಲಿಸ್? ನಿಮಗೆ ಕನಸಲ್ಲೂ ಅದೇ ಗುಡ್ಡ."

ತಾನು ಮಾಡಿಕೊಡದಿದ್ದರೆ ಬೇರೆಯವರು ಮಾಡಿಕೊಡುತ್ತಾರೆ, ಆಗ ತನ್ನ ಕಣ್ಣೂ ಅದರ ಮೇಲಿರುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಹ್ಯಾಚೆಟ್ ಹತ್ತುವುದಿಲ್ಲವೆಂದು ಮಾತು ಪಡೆದು ನಡುವಿನ ಪಟ್ಟಿಯನ್ನೇ ಹಾಕಿದಳು. ಗಟ್ಟಿಹಾದಿಯಲ್ಲಿ ಹಿಮ ಕೆರೆದು ಎಂಜಿನ್ನಿಗೆ ಎರಚಲೆಂದು ಪಕ್ಕದಲ್ಲಿ ಎರಡು ಉಕ್ಕಿನ ಕಡ್ಡಿ ಕೂರಿಸಿದಳು. ತಾನು ಕೂರಿಸಿದ ಗಾಡಿಗಳಲ್ಲಿ ಇಷ್ಟು ಹದವಾದದ್ದು ಇನ್ನೊಂದಿಲ್ಲ ಎಂದು ಅವಳು ಹೇಳಿದ್ದಾಳೆ, ಹೇಳುವಾಗ ತಲೆಯೆತ್ತಿರಲಿಲ್ಲ.

ಫೆಬ್ರವರಿಯ ಎರಡನೆಯ ಶನಿವಾರ ಗಾಡಿಯ ಹದ ನೋಡಲು ಅವಳೂ ಹೊರಟಳು. ಜೊತೆಗೆ ವೇಡನ ಗೆಳೆಯ ಡಾರೆಲ್. ಹಿಂದಿನ ಎರಡು ದಿನ ಬಿಡದೆ ಹಿಮ ಬಿದ್ದಿತ್ತು. ಹ್ಯಾಚೆಟ್ ಕೆಳಗಿನ ಬಯಲಿನಲ್ಲಿ ಅವಳು ಗಾಡಿಯಿಂದಿಳಿದಾಗ ಕಾಲ ಕೆಳಗೆ ಎಲ್ಲೋ ಆಳದಲ್ಲಿ 'ಧಸ್' ಎಂದಿತು. ಹಿಮದ ಒಳಪದರ ಕುಸಿದು, ಇಳಿಜಾರು ಕಳಚಬಹುದೆಂದು ಎಚ್ಚರಿಸುವ ಆ ಸದ್ದು ಅವಳಿಗೆ ಹೊಸದಲ್ಲ. ಹೇಳಲು ತಿರುಗಿದಳು. ವೇಡ್ ಆಗಲೇ ಇಳಿಜಾರಿನ ಮೇಲಿದ್ದ. ಯಾರೋ ಬೆಳಿಗ್ಗೆ ಹತ್ತಿಹೋದ ಎರಡು ಗೆರೆಗಳು ಅಲ್ಲಿದ್ದವು. ಇಳಿಜಾರಿನ ಅಂಚನ್ನಷ್ಟೇ ಮುಟ್ಟಿ ಬರುತ್ತೇನೆ ಅಂದುಕೊಂಡಿದ್ದೆ ಎಂದು ಅವನು ಆಮೇಲೆ ಹೇಳಿದ.

ಗಾಡಿ ಅವಳು ನವೆಂಬರಿನಲ್ಲಿ ಹೇಳಿದಷ್ಟೇ ದೂರ ಹೋಯಿತು. ಅರ್ಧದಲ್ಲಿ ಹಿಂಭಾಗ ಹೂತು, ಮೂಗು ಮೇಲಕ್ಕೆದ್ದು, ನಿಂತಿತು.

ಡಾರೆಲ್ ಎಂಜಿನ್ ಚಾಲೂ ಮಾಡಿದ. ಕಿತ್ತರೆ ಎಂಜಿನ್ ನಿಂತುಹೋಗುವ ತುರ್ತುಹಗ್ಗವೊಂದು ಅವನ ಗಾಡಿಗಿತ್ತು, ಮಾರ್ಲಿಸ್ ಅದನ್ನು ಸೆಳೆದು ಕಿತ್ತಳು. ಎಂಜಿನ್ ಸತ್ತಿತು. ಹಗ್ಗ ಅವಳ ಜೇಬು ಸೇರಿತು.

"ಕೊಡಿ ಇಲ್ಲಿ," ಎಂದ ಡಾರೆಲ್. "ನಿಮ್ಮ ಅಳಿಯ ಅವನು. ಹಿಂಗೆ ನೋಡ್ತಾ ನಿಲ್ಲಕ್ಕೆ ಎದೆ ಹೆಂಗೆ ಬರತ್ತೆ ನಿಮಗೆ?"

"ನನ್ನ ಅಳಿಯ ಅಂತಾನೇ ನಿಂತಿದೀನಿ. ನೀನೂ ನಿಲ್ಲು."

ಅವನನ್ನು ಪಕ್ಕದ ಮರಗಳ ಗುಂಪಿಗೆ ಕರೆದೊಯ್ದಳು. ಬೆನ್ನುಚೀಲದಿಂದ ಸಲಿಕೆ ತೆಗೆದು ಹಿಡಿಕೆ ಜೋಡಿಸಿದಳು. ಹಿಮದಡಿಯಲ್ಲಿ ಮನುಷ್ಯನನ್ನು ತಡಕುವ ಉದ್ದನೆಯ ಕಡ್ಡಿಯನ್ನೂ ಜೋಡಿಸಿದಳು. ಡಾರೆಲ್ ಅದನ್ನು ಕಂಡ ಮೇಲೆ ಹಗ್ಗ ಕೇಳಲಿಲ್ಲ.

ಮೇಲೆ ವೇಡ್ ಒಮ್ಮೆ ಕೈ ಬೀಸಿದ. ಯಾರೂ ಬರದಿದ್ದಾಗ ಸಲಿಕೆ ತೆಗೆದ. ಅವನು ತೋಡುವಷ್ಟು ಹೊತ್ತೂ ಮಾರ್ಲಿಸಳ ಕಣ್ಣು ಅವನ ಮೇಲಿರಲಿಲ್ಲ, ಅವನಿಗಿಂತ ನೂರಡಿ ಮೇಲೆ ತುಟಿಯಂತೆ ಚಾಚಿದ್ದ ಹಿಮದಂಚಿನ ಮೇಲಿತ್ತು. ನಲವತ್ತು ನಿಮಿಷ. ಕೊನೆಗೆ ಗಾಡಿಯ ಮೂಗನ್ನು ಕೆಳಕ್ಕೆ ತಿರುಗಿಸಿ, ಎಂಜಿನ್ನಿನ ಜೋರಿಲ್ಲದೆ, ತಾನು ಹತ್ತಿದ ಗೆರೆಯಲ್ಲೇ ಅವನು ಇಳಿದು ಬಂದ.

"ಯಾಕೆ ಬರಲಿಲ್ಲ?" ಎಂದಷ್ಟೇ ಕೇಳಿದ.

ಮಾರ್ಲಿಸ್ ಡಾರೆಲನ ಹಗ್ಗವನ್ನು ಹಿಂದಿರುಗಿಸಿದಳು. ಊರಿನಲ್ಲಿ ಆ ಸಂಜೆಯೇ ಡಾರೆಲ್ ಇದನ್ನು ಹೇಳಿಕೊಂಡು ತಿರುಗಿದ. ಕ್ರಿಸ್ಟಾ ತಾಯಿಗೆ ಫೋನ್ ಮಾಡಿ ವೇಡ್ ಕೇಳಿದ ಪ್ರಶ್ನೆಯನ್ನೇ ಕೇಳಿ ಇಟ್ಟಳು.

ಹಿಮಕುಸಿತಗಳನ್ನು ದಾಖಲಿಸುವ ಸ್ಥಳೀಯ ಪುಸ್ತಕದಲ್ಲಿ ಮರುದಿನದ ನಮೂದು ಹೀಗಿದೆ: 2019ರ ಫೆಬ್ರವರಿ 10, ಭಾನುವಾರ, ಬೆಳಿಗ್ಗೆ 11.20, ಹ್ಯಾಚೆಟ್ ಇಳಿಜಾರು ತಾನಾಗಿ ಕಳಚಿದೆ, ಒಡೆದ ಅಂಚಿನ ಎತ್ತರ ಐದು ಅಡಿ, ಅಗಲ ಒಂಬೈನೂರು ಅಡಿ, ಇಳಿಜಾರಿನ ಮೇಲೆ ಯಾರೂ ಇರಲಿಲ್ಲ.