ಹತ್ತು ನಿಮಿಷದ ವಿದ್ಯೆ

ಕೊಳ್ಳೇಗಾಲದ ನನ್ನ ವಾಚ್ ರಿಪೇರಿ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಸೆಲ್ ಹಾಕಿಸಲು ಬರುತ್ತಾರೆ. ನಿಂತುಕೊಂಡೇ ಹಾಕಿಸಿಕೊಂಡು, ಫೋನು ನೋಡುತ್ತಲೇ ಹೋಗುತ್ತಾರೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಸೆಲ್ ಹಾಕುವುದಕ್ಕೆ ನಾನೇ ಯಾಕೆ ಬೇಕು? ನಾನು ಕಲಿತದ್ದು ಕೀ ಕೊಡುವ ವಾಚಿನ ಕೆಲಸ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಸೇರಿಸಿದರೂ ಆ ಕೆಲಸ ಪೂರ್ತಿ ಬಲ್ಲವನು ಈಗ ನಾನೊಬ್ಬನೇ. ಮೊದಲೆಲ್ಲ ಈ ಮಾತನ್ನು ಮೀಸೆ ತಿರುವಿ ಹೇಳುತ್ತಿದ್ದೆ. ಹೋದ ವರ್ಷ ಬಲಗೈ ನಡುಗಲು ಶುರುವಾದ ಮೇಲೆ ಹೇಳುವುದನ್ನು ಬಿಟ್ಟಿದ್ದೇನೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹೇರ್‌ಸ್ಪ್ರಿಂಗ್. ಕೂದಲೆಳೆಯಷ್ಟು ಸಣ್ಣ ತಂತಿ, ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ವಾಚು ಕೈಜಾರಿ ಬಿದ್ದರೆ ಒಂದು ಸುತ್ತು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ; ಆಮೇಲೆ ವಾಚು ಹುಚ್ಚು ಹಿಡಿದ ಹಾಗೆ ಮುಂದಕ್ಕೆ ಓಡುತ್ತದೆ. ಎರಡು ಚಿಮುಟ ಹಿಡಿದು, ಉಸಿರು ಬಿಗಿಹಿಡಿದು, ಬಾಗಿದ್ದನ್ನು ನೆಟ್ಟಗೆ ಮಾಡಬೇಕು. ಒಂಚೂರು ಜಾಸ್ತಿ ಒತ್ತಿದರೆ ಮುಗಿಯಿತು, ಆ ವಾಚಿನ ಆಸೆ ಬಿಡಬೇಕು.

ನನಗೆ ಕೆಲಸ ಕಲಿಸಿದ ಯಜಮಾನರ ಅಂಗಡಿ ಯಳಂದೂರಿನಲ್ಲಿತ್ತು. ಕ್ಲೀನ್ ಮಾಡುವುದು, ಎಣ್ಣೆ ಬಿಡುವುದು, ಗಾಜು ಕೂರಿಸುವುದು, ಎಲ್ಲ ಹೇಳಿಕೊಟ್ಟರು. ಹೇರ್‌ಸ್ಪ್ರಿಂಗ್ ಕೈಗೆತ್ತಿಕೊಂಡರೆ ಮಾತ್ರ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅವರದೇ ತಪ್ಪು ಎನ್ನಲಾರೆ, ನಮ್ಮ ಕಸುಬಿನವರಲ್ಲಿ ಅದು ನಡೆದುಬಂದ ಪದ್ಧತಿ. ಒಂದು ವಿದ್ಯೆಯನ್ನು ಕೈಯಲ್ಲೇ ಇಟ್ಟುಕೊಂಡಿದ್ದರೆ ಶಿಷ್ಯ ಎದುರಿಗೇ ಅಂಗಡಿ ಇಡುವುದಿಲ್ಲ ಎಂಬ ಲೆಕ್ಕಾಚಾರ. ಅವರೆದುರಿನ ಗೋಡೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಗಡಿಯಾರವಿತ್ತು. ಮೂಲೆಯಲ್ಲಿದ್ದ ನೀರಿನ ಮಡಕೆಯ ಹತ್ತಿರ ನಿಂತರೆ ಆ ಗಾಜಿನಲ್ಲಿ ಅವರ ಕೈ ಕಾಣುತ್ತಿತ್ತು. ಎರಡು ವರ್ಷ ನನಗೆ ವಿಪರೀತ ಬಾಯಾರಿಕೆ. ಹಾಗೆ ಕದ್ದು ನೋಡಿ ಕಲಿತೆ.

ಆಮೇಲೆ ನಾನೂ ಯಜಮಾನನಾದೆ. ನನ್ನ ಹೆಂಡತಿಯ ತಮ್ಮ, ಅಜ್ಜೀಪುರದವನು, ಕೆಲಸ ಕಲಿಯಲು ಬಂದ. ಆಗಲೇ ಅವನಿಗೆ ಮದುವೆಯಾಗಿ ಒಂದು ಮಗುವಿತ್ತು. ಒಳ್ಳೆಯ ಕೈ. ಜೊತೆಗೆ ಜನ ಇಷ್ಟಪಡುವ ಮಾತು. ಇದರಿಂದಲೇ ನನಗೆ ಹೆದರಿಕೆಯಾದದ್ದು. ಹೇರ್‌ಸ್ಪ್ರಿಂಗ್ ಕೆಲಸ ಬಂದಾಗಲೆಲ್ಲ ಅವನನ್ನು ಹೊರಗೆ ಕಳಿಸುತ್ತಿದ್ದೆ. ಪೋಸ್ಟಾಫೀಸಿಗೆ, ಮಗ್ಗದ ಬೀದಿಗೆ, ಏನೂ ತೋಚದಿದ್ದರೆ ಮನೆಗೆ, ಅಕ್ಕ ಏನೋ ಕರೆದಳು ಎಂದು. ಎದುರು ಗೋಡೆಗೆ ಗಾಜಿನ ಗಡಿಯಾರ ಹಾಕಲಿಲ್ಲ, ಕ್ಯಾಲೆಂಡರ್ ಹಾಕಿದೆ. ಕಳ್ಳನಿಗೆ ಕಳ್ಳತನದ ದಾರಿ ಗೊತ್ತಿರುತ್ತದಲ್ಲ.

ಹತ್ತು ವರ್ಷ ಇದ್ದು, ಒಂದು ದಿನ ಬಿಟ್ಟುಹೋದ. ಹನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ. ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಅವನಿಗೆ ತಾಳ್ಮೆ ಇಲ್ಲ, ಈ ಕೆಲಸ ಹತ್ತಲಿಲ್ಲ. ಹೆಂಡತಿಯೊಬ್ಬಳು ಮಾತ್ರ ನಂಬಲಿಲ್ಲ. "ನನ್ ತಮ್ಮಂಗೆ ಏಳ್ಕೊಟ್ಟಿದ್ರೆ ನಿಮ್ ಗಂಟೇನೋಯ್ತಿತ್ತು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಈ ವರ್ಷ ಮೈಸೂರಿನ ಯಾವುದೋ ಕಾಲೇಜಿನಿಂದ ಮೂವರು ಬಂದರು. ಕಣ್ಮರೆಯಾಗುತ್ತಿರುವ ಕಸುಬುಗಳನ್ನು ಉಳಿಸಬೇಕು, ನಿಮ್ಮ ಕೆಲಸವನ್ನು ವಿಡಿಯೋ ಮಾಡುತ್ತೇವೆ ಎಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತು, ಈ ಕಲೆ ಉಳಿಯಬೇಕು, ಮುಂದಿನವರಿಗೆ ಮುಟ್ಟಬೇಕು ಎಂದು ಅರ್ಧ ಗಂಟೆ ಕೊರೆದೆ. ಹೇರ್‌ಸ್ಪ್ರಿಂಗ್ ತೋರಿಸಿ ಎಂದರು. ಚಿಮುಟ ಎತ್ತಿಕೊಂಡೆ. ನನಗರಿವಿಲ್ಲದೆಯೇ ಬಾಯಿಂದ ಬಂತು: "ಇದನ್ನ ಮಾತ್ರ ತೆಗೀಬೇಡಿ." ಕೈ ನಡುಗುವುದಕ್ಕೆ ನಾಚಿಕೆ ಎಂದು ತಿಳಿದು ಅವರು ಮರ್ಯಾದೆಯಿಂದ ಕ್ಯಾಮೆರಾ ಇಳಿಸಿದರು. ನಡುಕ ಇದ್ದದ್ದು ನಿಜ. ಆದರೆ ಮಾತು ಬಂದದ್ದು ಅದಕ್ಕಲ್ಲ. ಅವರು ಹೋದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ಹೊತ್ತಿಗೆ ನನ್ನ ಹತ್ತಿರ ಒಂದು ವಾಚಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಆಗಿದ್ದು ರಿಟೈರ್ ಆದವರದು. ಕಾಡಿನಲ್ಲಿ ತಿರುಗಿದಷ್ಟು ವರ್ಷವೂ ಕೈಯಲ್ಲಿದ್ದ ವಾಚು. ಬಚ್ಚಲುಕಲ್ಲಿನ ಮೇಲೆ ಬಿದ್ದು ಸ್ಪ್ರಿಂಗ್ ಸಿಕ್ಕಿಕೊಂಡಿತ್ತು. ಪ್ರತಿ ಶುಕ್ರವಾರ ಬಸ್ಸು ಹತ್ತಿ ಬಂದು, "ಆಯ್ತಾ ಸಾ?" ಎನ್ನುವರು. ಮುಂದಿನ ವಾರ ಎನ್ನುವೆ. ವಾಚಿಲ್ಲದ ಮಣಿಕಟ್ಟನ್ನು ಸವರಿಕೊಂಡು ಹೋಗುವರು. ಎರಡು ಸಲ ಬಿಚ್ಚಿದೆ, ಎರಡು ಸಲವೂ ಚಿಮುಟ ಸ್ಪ್ರಿಂಗಿನ ಹತ್ತಿರ ಹೋಗುವ ಮೊದಲೇ ಹೆದರಿ ಮುಚ್ಚಿದೆ. ಇನ್ನು ನನ್ನಿಂದ ಆಗುವುದಿಲ್ಲ ಎಂದು ಎರಡನೆಯ ಸಲ ಖಾತ್ರಿಯಾಯಿತು. ನಾನು ಕೈಬಿಟ್ಟರೆ ಆ ವಾಚೂ ಇಲ್ಲ, ಈ ಕೆಲಸವೂ ಇಲ್ಲ.

ಬೆಳಿಗ್ಗೆಯ ಬಸ್ಸಿಗೆ ಹನೂರಿಗೆ ಹೋದೆ. ಭಾಮೈದನ ಅಂಗಡಿ ತುಂಬ ಬಣ್ಣಬಣ್ಣದ ಫೋನ್ ಕವರು. ಕನ್ನಡಕ ಹಾಕಿದ್ದ, ತಲೆ ಅರ್ಧ ಬೆಳ್ಳಗಾಗಿತ್ತು.

"ಬನ್ನಿ ಬಾವ, ಕೂತ್ಕಳಿ. ಅಕ್ಕ ಚೆಂದಾಗವ್ಳಾ?"

ಚೆನ್ನಾಗಿದ್ದಾಳೆ ಎಂದೆ. ವಾಚು, ಚಿಮುಟದ ಡಬ್ಬಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎಲ್ಲವನ್ನೂ ಅವನ ಮುಂದಿಟ್ಟೆ. "ಇದರ ಹೇರ್‌ಸ್ಪ್ರಿಂಗ್ ಸರಿ ಮಾಡ್ಬೇಕು ಕಣ್ಲಾ. ನನ್ನ ಕೈಲಿ ಆಗ್ತಿಲ್ಲ."

ಅವನು ನನ್ನ ಕೈ ನೋಡಿದ. "ಅದ್ ನಂಗ್ ಬರಾಕಿಲ್ವಲ್ಲ ಬಾವ. ನೀವ್ ತೋರಿಸ್ಲೇ ಇಲ್ಲ."

ವ್ಯಂಗ್ಯವಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾನು ಹೇಳುತ್ತೇನೆ, ನೀನು ಮಾಡು ಎಂದೆ.

ಹೇಳಿದೆ. ಮೊದಲು ಸ್ಪ್ರಿಂಗನ್ನು ಅದು ಕೂತಿರುವ ಚಕ್ರದ ಸಮೇತ ಎತ್ತಿ ಬಿಳಿ ಕಾಗದದ ಮೇಲಿಡು. ಒಳಗಿನಿಂದ ಒಂದೊಂದೇ ಸುತ್ತು ನೋಡುತ್ತ ಬಾ, ಸಂದು ಎಲ್ಲಿ ಕಮ್ಮಿಯಾಗಿದೆಯೋ ಅಲ್ಲಿ ಬಾಗಿರುವುದಿಲ್ಲ, ಅದಕ್ಕೂ ಅರ್ಧ ಸುತ್ತು ಹಿಂದೆ ಬಾಗಿರುತ್ತದೆ. ಅಲ್ಲಿ ಒಂದು ಚಿಮುಟದಲ್ಲಿ ಹಿಡಿ, ಇನ್ನೊಂದರಲ್ಲಿ ಸವರು, ಎಳೆಯಬೇಡ. ಅಷ್ಟೇ. ಹೇಳಿ ಮುಗಿಸಿ ಗೋಡೆಯ ಮೇಲಿನ ಗಡಿಯಾರ ನೋಡಿದೆ, ಹತ್ತು ನಿಮಿಷ ಆಗಿತ್ತು. ಒಬ್ಬ ಮನುಷ್ಯನಿಂದ ಹತ್ತು ವರ್ಷ ಮುಚ್ಚಿಟ್ಟದ್ದು ಹೇಳಿದರೆ ಇಷ್ಟೇ ಇತ್ತು.

ಅವನು ಶಟರ್ ಅರ್ಧ ಎಳೆದು ಕೂತ. ಯಾರೋ ಬಗ್ಗಿ ಚಾರ್ಜರ್ ಕೇಳಿದರು, ತಲೆ ಎತ್ತದೆ ಸಂಜೆ ಬರಲು ಹೇಳಿದ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಒಮ್ಮೆ ಹಿಡಿದು, ಬಿಟ್ಟು, ಮತ್ತೆ ಮೊದಲಿನಿಂದ ಎಲ್ಲ ಸುತ್ತು ನೋಡಿ, ಮತ್ತೆ ಹಿಡಿದ. ಯಾರಿಗೆ ತಾಳ್ಮೆ ಇಲ್ಲ ಎಂದು ಊರೆಲ್ಲ ಸಾರಿದ್ದೆನೋ ಅವನು ಹಾಗೆ ಎರಡೂವರೆ ಗಂಟೆ ಕೂತ. ಆ ಕೈ ಒಂದು ಸಲವೂ ಅಲ್ಲಾಡಲಿಲ್ಲ. ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ, ಇಳಿವಯಸ್ಸಿನಲ್ಲಿಯೂ ನನಗೆ ಹೊಟ್ಟೆಕಿಚ್ಚಾಯಿತು, ಅದರ ಹಿಂದೆಯೇ ಅಳು ಬಂತು.

ಚಕ್ರ ಕೂರಿಸಿ ಕೀ ಕೊಟ್ಟ. ವಾಚು ನಡೆಯಿತು. ಸುತ್ತುಗಳು ಒಂದಕ್ಕೊಂದು ಸೋಕದೆ ತೆರೆದುಕೊಂಡು ಮುಚ್ಚಿಕೊಳ್ಳುತ್ತಿದ್ದವು.

"ನಿನ್ನನ್ನ ಬೇಕು ಅಂತಲೇ ಹೊರಗೆ ಕಳಿಸ್ತಿದ್ದೆ," ಎಂದೆ. "ನನ್ನದು ತಪ್ಪಾಯ್ತು ಕಣಪ್ಪ."

ಅವನು ಭೂತಗನ್ನಡಿ ಕಳಚಿ ಕಣ್ಣು ಉಜ್ಜಿಕೊಂಡ. "ಅದ್ ನಂಗೊತ್ತಿತ್ತು. ಅಕ್ಕ ಇದ್ದ ಮನೆ, ಏನಂತ ಕೇಳಾನ? ಕೇಳುದ್ರೆ ಅವ್ಳಿಗೆ ತಾನೆ ಕಷ್ಟ."

"ಈಗಲಾದ್ರೂ ನೀನು ನೋಡ್ಕೋ. ವಾಚು ಬಂದ್ರೆ ನಿನ್ನ ಹತ್ರ ಕಳಿಸ್ತೀನಿ. ಡಬ್ಬಿ ಇಲ್ಲೇ ಇರಲಿ."

ಅವನು ಚಿಮುಟಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ನನ್ನ ಕಡೆಗೆ ತಳ್ಳಿದ. "ಬ್ಯಾಡಿ ಬಾವ. ಇದೊಂದ್ ಮಾಡ್ಕೊಟ್ಟಿವ್ನಿ. ಇನ್ ತರ್ಬ್ಯಾಡಿ. ಈಗ್ ಬತ್ತದೆ ಅಂತ ಗೊತ್ತಾದ್ರೆ, ಹೋದ್ ವರ್ಸಗಳ್ದು ಲೆಕ್ಕ ತಲೇಲಿ ಓಡ್ತದೆ. ನಂಗ್ ಅದ್ ಆಗಾಕಿಲ್ಲ." ಎದ್ದು ಹೋಗಿ ಶಟರ್ ಪೂರ್ತಿ ಎತ್ತಿದ. ಊಟ ಮಾಡಿಕೊಂಡು ಹೋಗಿ ಎಂದು ಕರೆದ. ನಾನು ವಾಚು, ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಶುಕ್ರವಾರ ಬೆಟ್ಟದ ಆ ಗಾರ್ಡ್ ಬಂದರು. ವಾಚನ್ನು ಕಿವಿಗಿಟ್ಟು ಕೇಳಿದರು, ಕಟ್ಟಿಕೊಂಡರು, ಮತ್ತೆ ಕಿವಿಗಿಟ್ಟರು.

"ನಿಮ್ ಕೈಗುಣ ಸಾ."

"ನನ್ನ ಕೈಯಲ್ಲ. ಹನೂರಿನಲ್ಲಿ ನನ್ನ ಭಾಮೈದ ಇದ್ದಾನೆ, ಅವನು ಮಾಡಿದ್ದು."

"ಹಂಗಾದ್ರೆ ಮುಂದ್ಕೆ ಅವ್ರತ್ರನೇ ಓಯ್ತೀನಿ ಬುಡಿ."

"ಹೋಗ್ಬೇಡಿ. ಅವನು ಮಾಡಲ್ಲ."

"ಅದ್ಯಾಕ್ ಸಾ? ಇಷ್ಟ್ ಚೆಂದಾಗ್ ಮಾಡವ್ರೆ."

ಅವರು ಉತ್ತರಕ್ಕೆ ಕಾಯುತ್ತಾ ನಿಂತರು.

"ಕಲೀಬೇಕು ಅಂತ ಅವನು ಬಂದಾಗ ನಾನು ಕಲಿಸ್ಲಿಲ್ಲ," ಎಂದೆ.