ಕೊಳ್ಳಲಾಗದ ಮನೆಯ ಬಗ್ಗೆ ಯೋಚನೆ

ಗೆಳೆಯರೇ, ಇವತ್ತು ಸಂಜೆ ನಮ್ಮ ಮಾಲೀಕರು ನಾವಿರುವ ಬಾಡಿಗೆ ಮನೆಯನ್ನು ನಮಗೇ ಮಾರಲು ಬಂದಿದ್ದರು.

ಗಲ್ಫಿನ ಈ ಊರಿನ ಅಲ್ ಮುಂತಜಾ ಬಡಾವಣೆಯ ಈ ಹಳೆಯ ಕಟ್ಟಡವನ್ನು ಖಾಲಿ ಮಾಡಿಸಿ, ಫ್ಲ್ಯಾಟ್‌ಗಳನ್ನು ಒಂದೊಂದಾಗಿ ಮಾರುವುದು ಅವರ ಯೋಜನೆ. "ಇಷ್ಟು ವರ್ಷ ಇದ್ದವರು ನೀವು. ಮೊದಲ ಮಾತು ನಿಮಗೆ. ತಗೊಳ್ತೀರಾ?" ಎಂದು ಮುದುಕರು ಚಹಾ ಕುಡಿಯುತ್ತ ಕೇಳಿದರು. ಹೊರದೇಶದವರು ಇಲ್ಲಿ ಮನೆ ಕೊಳ್ಳುವಂತಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅದು ಮರ್ಯಾದೆಯ ಮಾತು. ಬೇಡ ಎಂದರೆ ಬೇಗ ಜಾಗ ಬಿಡಬೇಕು. ಮಗಳಿಗೆ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ.

ನಿಜ ಹೇಳಿ ಮುಗಿಸುವ ಅವಸರ ನನಗೆ ಯಾವಾಗಲೂ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಲೀನಾ, "ನಾವು ಯೋಚಿಸಬೇಕು ಬಾಬಾ" ಎಂದಳು.

"ಯೋಚಿಸು ಮಗಳೇ. ಎಷ್ಟು ದಿನ?"

"ಹುಡುಗಿಯ ಪರೀಕ್ಷೆ ಮುಗಿಯಲಿ. ಅದರ ನಡುವೆ ಮನೆ ತಗೊಳ್ಳುವ ಮಾತು ಆಡ್ಲಿಕ್ಕೆ ಆಗ್ತದಾ?"

ಮುದುಕರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಡ್ಡ ಅಲುಗುವಂತೆ ನಕ್ಕರು. "ಖಲಾಸ್, ಆಯ್ತು ಬಿಡು. ನೀವು ಯೋಚಿಸ್ತಾ ಇರುವಾಗ ಬೇರೆಯವರಿಗೆ ಮಾರಿದರೆ ನನಗೆ ಮರ್ಯಾದೆ ಅಲ್ಲ."

"ಮತ್ತೆ ಬಾತ್‌ರೂಮಿನ ನಲ್ಲಿ ಸೋರ್ತದೆ. ಹೀಗಿದ್ರೆ ಯಾರು ತಗೊಳ್ತಾರೆ?"

"ಯಲ್ಲಾ, ನಾಳೆ ಪ್ಲಂಬರ್ ಬರ್ತಾನೆ."

ಈಗಷ್ಟೇ ಮೇಲಿನ ಮನೆಯ ಉಳ್ಳಾಲದ ಇಬ್ರಾಹಿಂ ಬಂದು ಹೋದರು. ಅವರೂ ಮಾಲೀಕರಿಗೆ ಯೋಚಿಸಿ ಹೇಳುತ್ತಾರಂತೆ, ಮಗಳ ಹತ್ತನೆಯ ತರಗತಿ ಮುಗಿದ ಮೇಲೆ. ಅವರ ಮಗಳು ಈ ವರ್ಷವಷ್ಟೇ ಎಲ್‌ಕೆಜಿಗೆ ಸೇರಿದ್ದಾಳೆ.