ಇಳಿದ ತೂಕವನ್ನು ನಂಬದ ವೈದ್ಯೆ

ಇಚಲಕರಂಜಿಯ ಮಗ್ಗಗಳ ಸದ್ದಿನ ನಡುವೆ, ಧರ್ಮಾರ್ಥ ದವಾಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಡಾ. ನೂತನ ಮಗದುಮ್ ಅವರನ್ನು ಈ ಸೀಮೆ ಮುದುಕರ ಡಾಕ್ಟರೆಂದೇ ಬಲ್ಲದು. ಇಳಿವಯಸ್ಸಿನವರ ಮೈತೂಕಕ್ಕೂ ರಕ್ತದ ಕೊಲೆಸ್ಟ್ರಾಲಿಗೂ ಇರುವ ನಂಟು ನಾವು ತಿಳಿದಷ್ಟು ಸರಳವಲ್ಲವೆಂಬುದನ್ನು ಅವರು ಸಭೆಗಳಲ್ಲಿ ಹೇಳಿದ್ದಕ್ಕಿಂತ ತೂಕದ ಯಂತ್ರದ ಪಕ್ಕ ನಿಂತು ಹೇಳಿದ್ದೇ ಹೆಚ್ಚು.

ಗಡಹಿಂಗ್ಲಜದ ಜೈನ ಒಕ್ಕಲು ಮನೆತನದಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ವೈದ್ಯಕೀಯ ಓದಿ ಇಲ್ಲಿಗೆ ಬಂದ ಹೊಸತರಲ್ಲಿ ಅವರಿಗೆ ಎದುರಾದದ್ದು ರಾಯವ್ವನಂಥವರ ಹಟ. ಪಕ್ಕದ ಕೊರೋಚಿಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಆ ಮುದುಕಿ ಕಡ್ಡಿಯಂತಿದ್ದಳು. ಪರೀಕ್ಷೆಗೆ ರಕ್ತ ಕೊಡಲು ಸುತರಾಂ ಒಲ್ಲೆನೆಂದಳು.

“ಮೈಯಾಗ ಮಾಂಸನ ಇಲ್ಲ, ಕೊಬ್ಬು ಎಲ್ಲಿಂದ ಬರತೈತ್ರಿ ಬಾಯಾರ?” ಎಂಬುದು ಅವಳ ವಾದ.

ಪುಸಲಾಯಿಸಿ ತೆಗೆಸಿದ ರಕ್ತದಲ್ಲಿ ಕೊಲೆಸ್ಟ್ರಾಲ್ ಮಿತಿ ಮೀರಿತ್ತು. ಅಂದಿನಿಂದ ಸಣಕಲು ಮೈ ನೋಡಿ ಯಾರನ್ನೂ ಪರೀಕ್ಷೆಯಿಲ್ಲದೆ ಕಳಿಸಿದವರಲ್ಲ ನಮ್ಮ ಡಾಕ್ಟರು.

ಅವರನ್ನೇ ಪರೀಕ್ಷೆಗೆ ಒಡ್ಡಿದವರು ಪಾರೀಸಣ್ಣ. ನೂಲಿನ ವ್ಯಾಪಾರಿ, ಎಪ್ಪತ್ತು ದಾಟಿದ ಭಾರೀ ಆಳು, ಮೇಲಾಗಿ ದವಾಖಾನೆ ನಡೆಸುವ ವಿಶ್ವಸ್ತರಲ್ಲೊಬ್ಬರು. ತೂಕ ಇಳಿಸಿರೆಂದು ಡಾಕ್ಟರು ವರ್ಷಗಟ್ಟಲೆ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳದ ಈ ಮಹಾಶಯರು ಒಂದು ಚಾತುರ್ಮಾಸದಲ್ಲಿ ಏಕಾಶನ, ಅಂದರೆ ದಿನಕ್ಕೊಂದೇ ಊಟದ ವ್ರತ ಹಿಡಿದರು. ದೀಪಾವಳಿಯ ಹೊತ್ತಿಗೆ ಅಂಗಿ ಜೋತುಬಿದ್ದಿತು, ಕೊಲೆಸ್ಟ್ರಾಲೂ ಇಳಿಯಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಬಸದಿಗೆ ಬಂದವರೆಲ್ಲ ಕೊಂಡಾಡಿದರು. ಡಾಕ್ಟರಿಗೂ ಖುಷಿಯೇ ಆಯಿತು.

ಆದರೆ ವ್ರತ ಮುಗಿದು, ಪಾರಣೆಯಾಗಿ, ಎರಡು ಹೊತ್ತಿನ ಊಟ ಮತ್ತೆ ಶುರುವಾದ ಮೇಲೂ ತೂಕ ಇಳಿಯುತ್ತಲೇ ಹೋಯಿತು, ಅದರ ಜೊತೆಗೆ ಕೊಲೆಸ್ಟ್ರಾಲೂ. ಡಾಕ್ಟರಿಗೆ ಸಂಶಯ ಬಂತು. ಮುಪ್ಪಿನಲ್ಲಿ ಇವೆರಡೂ ತಾವಾಗಿಯೇ ಇಳಿದರೆ ಒಳಗೆ ಬೇರೆ ಬೇನೆ ಕೂತಿರಬಹುದು. ಕೊಲ್ಹಾಪುರಕ್ಕೆ ಹೋಗಿ ತೋರಿಸಿರೆಂದು ಹೇಳಿದ್ದೇ ತಡ, ಪಾರೀಸಣ್ಣ ಕೆಂಡವಾದರು. ವ್ರತದ ಫಲವನ್ನು ರೋಗವೆನ್ನುವ ವೈದ್ಯೆ ತಮಗೆ ಬೇಡವೆಂದು ದವಾಖಾನೆಗೆ ಬರುವುದನ್ನೇ ಬಿಟ್ಟರು. ವಿಶ್ವಸ್ತರ ಮುನಿಸು ನೌಕರಿಗೇ ಕುತ್ತು ತಂದೀತೆಂದು ಸಹೋದ್ಯೋಗಿಗಳು ಹೆದರಿಸಿದರು. ಡಾಕ್ಟರಿಗೆ ಪಾರೀಸಣ್ಣನ ಜೀವದ ಚಿಂತೆಯೇ ದೊಡ್ಡದಾಗಿತ್ತು.

ಒಂದು ದಿನ ಅವರು, ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣುವ ವೇಳೆಗೆ ಸರಿಯಾಗಿ, ಪಾರೀಸಣ್ಣನ ಮನೆಗೆ ಹೋದರು. ಆ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯಲ್ಲ ಅದು. ಎಷ್ಟೇ ಸಿಟ್ಟಿದ್ದರೂ ಪಾರೀಸಣ್ಣನ ಹೆಂಡತಿ ರತ್ನಮಾಲಾ ತಾಟು ಹಾಕಲೇಬೇಕಾಯಿತು. ಪಕ್ಕದಲ್ಲಿ ಕೂತು ಉಣ್ಣುತ್ತ ಡಾಕ್ಟರು ಗಮನಿಸಿದರು. ಪಾರೀಸಣ್ಣ ರೊಟ್ಟಿಯ ಮೇಲೆ ರೊಟ್ಟಿ ಉಣ್ಣುತ್ತಿದ್ದರು, ಥಂಡಿಯಲ್ಲೂ ಹಣೆ ಬೆವರಿತ್ತು, ತುಪ್ಪದ ಚಮಚ ಹಿಡಿದ ಕೈ ನಡುಗುತ್ತಿತ್ತು. ಊಟವಾದ ಮೇಲೆ ಕೇಳದೆಯೇ ಮುಂಗೈ ಹಿಡಿದು ನೋಡಿದರೆ ನಾಡಿ ತಾಳ ತಪ್ಪಿ ಓಡುತ್ತಿತ್ತು.

“ಅಣ್ಣಾ, ಏಕಾಶನ ನಾನೂ ಮಾಡತೇನಿ. ವ್ರತಕ್ಕ ಕುಂದು ಹೇಳಾಕ ಬಂದಿಲ್ಲ. ವ್ರತ ಮುಗದೈತಿ, ಹೊಟ್ಟಿ ತುಂಬ ಉಣ್ಣಾಕತ್ತೀರಿ, ಆದರೂ ಸವದು ಹೊಂಟೀರಿ. ಯಾಕಂತ ನೋಡೂದು ಬ್ಯಾಡೇನ್ರಿ?”

ರತ್ನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾಳೆ ನಾನ ಕರಕೊಂಡು ಹೋಗತೇನ್ರಿ ಬಾಯಾರ” ಎಂದರು.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವುದು ಕೊಲ್ಹಾಪುರದಲ್ಲಿ ಪತ್ತೆಯಾಯಿತು. ಉಂಡ ಅನ್ನವನ್ನೂ ಮೈಯ ಕೊಬ್ಬನ್ನೂ ಕರಗಿಸುತ್ತಿದ್ದುದು ಅದೇ. ಇನ್ನಷ್ಟು ತಡವಾಗಿದ್ದರೆ ಹೃದಯ ಕೈಕೊಡಬಹುದಿತ್ತೆಂದು ಅಲ್ಲಿನ ತಜ್ಞರು ತಿಳಿಸಿದರು. ಗುಳಿಗೆ ಶುರುವಾಗಿ, ಬೇಸಿಗೆಯ ಹೊತ್ತಿಗೆ ಕೈನಡುಕ ನಿಂತಿತು. ಪಾರೀಸಣ್ಣ ಹೊಸ ರಿಪೋರ್ಟು ಹಿಡಿದುಕೊಂಡು, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ದವಾಖಾನೆಗೆ ಬಂದರು.

“ತೂಕಾನೂ ಏರೈತ್ರಿ, ಕೊಲೆಸ್ಟ್ರಾಲೂ ಏರೈತ್ರಿ ಬಾಯಾರ.”

ಡಾಕ್ಟರು ಓದಿ ಕನ್ನಡಕ ತೆಗೆದರು. ರೋಗಿಗಳೆದುರು ಅವರ ಕಣ್ಣು ತುಂಬಿದ್ದನ್ನು ದವಾಖಾನೆ ಕಂಡದ್ದು ಅದೊಂದೇ ಸಲ.

“ಏರಲಿ ಬಿಡ್ರಿ ಅಣ್ಣಾ, ಬ್ಯಾನಿ ಇಳದೈತಿ. ಇನ್ನ ನಿಮಗ ಬೈಯಾಕ ನನಗ ಧೈರ್ಯ ಬಂತು.”

ಪಾರೀಸಣ್ಣ ಇಂದಿಗೂ ತಪ್ಪದೆ ಬಂದು ಬೈಸಿಕೊಂಡು ಹೋಗುತ್ತಾರೆ. ನಿವೃತ್ತಿಯ ಸುದ್ದಿ ಕೇಳಿ, ಇನ್ನು ಗಡಹಿಂಗ್ಲಜಕ್ಕೇ ಬರುವುದಾಗಿ ಹೇಳಿದ್ದಾರೆ. ತವರಿಗೆ ಮರಳಿ ಅಲ್ಲಿನ ಹಿರಿಯರನ್ನು ನೋಡಿಕೊಳ್ಳಲು ಹೊರಟಿರುವ ಡಾ. ನೂತನ ಅವರಿಗೆ ಆಯುರಾರೋಗ್ಯ ಕೂಡಿಬರಲಿ. ಅವರ ಕೈಯಲ್ಲಿ ಬೈಸಿಕೊಳ್ಳಲು ಜೀವ ಉಳಿಸಿಕೊಂಡವರು ಬಹುಕಾಲ ಅವರ ಬಾಗಿಲು ತಟ್ಟುತ್ತಿರಲಿ.